ರದ್ದಿ ಕಟ್ಟಿನಲ್ಲಿ ಬಂದ ಪಡಸಾಲೆ

ಬ್ಲೌಸ್ ಹೊಲಿಯುವವರಿಗೆ ಹಳೆಯ ಕಾಗದ ಬೇಕೇ ಬೇಕು. ಮೊದಲು ಕಾಗದದ ಮೇಲೆ ಗೆರೆ ಹಾಕಿ ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಆಮೇಲೆ ಕತ್ತರಿ ಆಡಿಸುವುದು ನಾನು ಕಲಿತ ರೀತಿ. ಹೀಗಾಗಿ ದಾರ, ಹುಕ್ಕು, ಲೈನಿಂಗ್ ಬಟ್ಟೆ ತರಲು ಹಗರಿಬೊಮ್ಮನಹಳ್ಳಿಗೆ ಹೋದಾಗಲೆಲ್ಲ ರದ್ದಿ ಅಂಗಡಿಯಿಂದ ಒಂದು ಕಟ್ಟು ಪೇಪರ್ ತೂಗಿಸಿಕೊಂಡು ಬರುತ್ತಿದ್ದೆ. ಹದಿನಾಲ್ಕು ವರ್ಷದ ಹಿಂದೆ ಹಾಗೆ ತಂದ ಒಂದು ಕಟ್ಟಿನ ನಡುವೆ ಆ ಪುಸ್ತಕ ಇತ್ತು.

ಮುಂದಿನ ರಟ್ಟು ಇರಲಿಲ್ಲ. ಮೊದಲ ಏಳೆಂಟು ಹಾಳೆಗಳೂ ಇರಲಿಲ್ಲ. ಬರೆದವರು ಯಾರು, ಪುಸ್ತಕದ ಹೆಸರೇನು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಹಾಳೆಗಳು ಅಗಲವಾಗಿದ್ದವು, ದಪ್ಪಗಿದ್ದವು, ತೋಳಿನ ಅಳತೆಗೆ ಹೇಳಿ ಮಾಡಿಸಿದಂತಿದ್ದವು. ಕತ್ತರಿಯನ್ನು ಕೈಗೆತ್ತಿಕೊಂಡೂ ಆಗಿತ್ತು. ತೆರೆದ ಹಾಳೆಯಲ್ಲಿ ಒಂದು ಉದ್ದನೆಯ ಚೌಕ, ಅದರೊಳಗೆ ಸಣ್ಣ ಚೌಕಗಳು, ಅಲ್ಲಲ್ಲಿ ಬಾಣದ ಗುರುತು, ಅಳತೆ. ಇದ್ಯಾವ ನಮೂನೆಯ ಬೆನ್ನಿನ ಪಾರ್ಟಪ್ಪಾ ಎಂದುಕೊಂಡು ಕನ್ನಡಕ ಸರಿಮಾಡಿಕೊಂಡು ನೋಡಿದರೆ ನಡುವಿನ ಚೌಕದಲ್ಲಿ ಪಡಸಾಲೆ ಎಂದು ಬರೆದಿತ್ತು. ಕತ್ತರಿ ಕೆಳಗಿಟ್ಟೆ.

ಅದು ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಪುಸ್ತಕ. ಮೇಲಿನಿಂದ ನೋಡಿದರೆ ಮನೆ ಹೇಗೆ ಕಾಣುತ್ತದೆ ಎಂದು ಒಂದು ಗೆರೆಚಿತ್ರ, ಕಲ್ಲಂಗಡಿ ಕೊಯ್ದಂತೆ ಮನೆಯನ್ನು ನಡುವೆ ಕೊಯ್ದರೆ ಹೇಗೆ ಕಾಣುತ್ತದೆ ಎಂದು ಇನ್ನೊಂದು. ಕೆಳಗೆ, ಹಾಗೆ ಕಟ್ಟಿದ್ದು ಯಾಕೆ ಎಂದು ನಾಲ್ಕು ಸಾಲು. ನನ್ನನ್ನು ಹಿಡಿದು ಕೂರಿಸಿದ್ದು ಆ ನಾಲ್ಕು ಸಾಲುಗಳೇ. ಬಾಗಿಲು ದಾಟಿದೊಡನೆ ದನ ಕಟ್ಟುವ ದಂದಕ್ಕಿ, ಅದರಿಂದ ಒಂದೂವರೆ ಅಡಿ ಮೇಲೆ ಪಡಸಾಲೆ ಯಾಕೆ? ದನದ ಧೂಳು, ಗಂಜಲ ಮೇಲೆ ಹತ್ತದಿರಲಿ, ಆದರೆ ಕೂತವರ ಕಣ್ಣಿಗೆ ದನ ಕಾಣುತ್ತಿರಲಿ ಎಂದು. ಗೋಡೆ ಒಂದು ಮೊಳ ದಪ್ಪ ಯಾಕೆ? ಮಧ್ಯಾಹ್ನದ ಬಿಸಿಲು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ ಎಂದು. ಮಾಳಿಗೆಯಲ್ಲಿ ಬೆಳಕಿಂಡಿ ಇರುವುದು ಬೆಳಕಿಗಷ್ಟೇ ಅಲ್ಲ, ಮೇಲೆ ಸೇರಿದ ಬಿಸಿಗಾಳಿಗೆ ಅದೇ ಬಾಗಿಲು ಎಂದು. ಇಪ್ಪತ್ತು ವರ್ಷ ಆ ನಮೂನೆಯ ಮನೆಯಲ್ಲೇ ಕಸ ಗುಡಿಸಿ, ಸಾರಿಸಿ, ಬಾಳುವೆ ಮಾಡಿದ್ದೆ. ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಪುಸ್ತಕ ಹೊಲಿಗೆ ಮಷಿನ್ನಿನ ಖಾನೆಗೆ ಸೇರಿತು. ಸಂಜೆ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಒಂದೊಂದೇ ಹಾಳೆ. ಅವಸರ ಮಾಡಲಿಲ್ಲ. ಒಂದು ಚಿತ್ರ ತಿಳಿಯದಿದ್ದರೆ ವಾರಗಟ್ಟಲೆ ಅದನ್ನೇ ನೋಡುತ್ತಿದ್ದೆ.

ಒಂದು ದಿನ ನಮ್ಮ ಮನೆಯನ್ನೇ ಬರೆಯೋಣ ಎಂದು ಟೇಪು ಹಿಡಿದು ಹೊರಟೆ. ನಮ್ಮದು ಕೊಟ್ಟೂರಿಗೆ ಹತ್ತಿರದ ಹಳ್ಳಿ. ಹೊರಗಿನಿಂದ ಮನೆಯ ಉದ್ದ ಮೂವತ್ತಾರು ಅಡಿ. ಒಳಗೆ ದಂದಕ್ಕಿ, ಪಡಸಾಲೆ, ನಡುಮನೆ, ಅಡಿಗೆಮನೆ ಎಲ್ಲ ಅಳೆದು ಕೂಡಿಸಿದರೆ ಮೂವತ್ತೇ. ಮತ್ತೆ ಅಳೆದೆ. ಮತ್ತೆ ಮೂವತ್ತೇ. ಹೊಲದಿಂದ ಬಂದ ನಮ್ಮ ಮನೆಯವರಿಗೆ ಲೆಕ್ಕ ತೋರಿಸಿದೆ.

"ಆರು ಅಡಿ ಎಲ್ಲಿ ಹೋತು?" ಅಂದೆ.

"ನನ್ನೇನು ಕೇಳ್ತಿ? ನಾ ಮುಂಜಾನಿಂದ ಹೊಲದಾಗ ಅದೀನಿ," ಅಂದರು. "ನಿಮ್ಮತ್ತಿನ್ನ ಕೇಳು. ಮನ್ಯಾಗಿದ್ದಾಕಿ ಆಕಿ."

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಗ್ವಾಡಿ ಬಿಟ್ಟಿದ್ದಿ ನೋಡು," ಅಂದರು.

ಹೌದು. ನಾಲ್ಕು ಗೋಡೆ, ಒಂದೊಂದು ಒಂದೂವರೆ ಅಡಿ. ಬಟ್ಟೆ ಹೊಲಿಯುವಾಗ ಒಳಗೆ ಮಡಚುವ ಬಟ್ಟೆಯನ್ನು ಎಂದೂ ಮರೆಯದ ನಾನು ಮನೆ ಬರೆಯುವಾಗ ಗೋಡೆಯನ್ನೇ ಮರೆತಿದ್ದೆ. ಓದು ಬರಹ ಇಲ್ಲದ ಅತ್ತೆಗೆ ಅದು ಕೂತಲ್ಲೇ ತಿಳಿದಿತ್ತು. ಅವತ್ತಿನಿಂದ ಅತ್ತೆ ನನ್ನ ಗೆರೆ ಕೆಲಸಕ್ಕೆ ಪರೀಕ್ಷಕಿಯಾದರು.

ಆಮೇಲೆ ಹೋದಲ್ಲೆಲ್ಲ ಮನೆ ನೋಡುವುದು ಚಟವಾಯಿತು. ತವರಿಗೆ ಹೋದರೆ ಮಾಗಳದಲ್ಲಿ ದೊಡ್ಡವ್ವನ ಮನೆ, ಹೊಲಿದ ಬಟ್ಟೆ ಕೊಡಲು ಹೋದರೆ ಹೊಸಹಳ್ಳಿಯಲ್ಲಿ ಗಿರಾಕಿಗಳ ಮನೆ. ಕುತ್ತಿಗೆಯಲ್ಲಿ ಟೇಪು ಹೇಗೂ ಇರುತ್ತಿತ್ತು. ಗಿರಾಕಿಯ ಅಳತೆ ಮುಗಿದ ಮೇಲೆ ಬಾಗಿಲಿನದು, ಕಂಬದ್ದು, ಗೋಡೆಯ ಗೂಡಿನದು. ಹರಪನಹಳ್ಳಿ ಕಡೆಯ ತೆಲಿಗಿಯಲ್ಲಿ ಒಬ್ಬ ಮುದುಕಿ ನಾನು ಅವರ ತಲೆಬಾಗಿಲಿಗೆ ಟೇಪು ಹಿಡಿದಿದ್ದನ್ನು ನೋಡಿ, "ಏನ್ಬೇ, ನಮ್ಮ ಮನಿಗೂ ಜಂಪರು ಹೊಲಿತೀಯೇನು?" ಅಂದಿದ್ದಳು.

"ಹೊಲಿತೀನಿ ಬೇ. ತೋಳು ಎಷ್ಟುದ್ದ ಇಡಲಿ ಹೇಳು," ಅಂದೆ.

"ಮುಂಗೈತನಕ ಇಡು. ಬಾಳ ಮರ್ಯಾದಸ್ತರ ಮನಿ ಇದು," ಅಂದಳು ಮುದುಕಿ. ನಕ್ಕು ಚಹಾ ಕುಡಿಸಿ ಕಳಿಸಿದಳು.

ಇಷ್ಟೆಲ್ಲ ಕಲಿತವಳು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ.

ಮಾಳಿಗೆ ಮನೆಗೆ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೀಳಿದ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸೌಳು ಮಣ್ಣು, ನೀರು ಬಿದ್ದರೆ ಬೆಣ್ಣೆಯಂತೆ ಕೂಡಿಕೊಂಡು ಹನಿ ಇಳಿಯಗೊಡದ ಉಪ್ಪುಮಣ್ಣು. ವರ್ಷಕ್ಕೊಮ್ಮೆ ಮುಂಗಾರಿನ ಮೊದಲು ಹೊಸ ಸೌಳು ಹಾಕಬೇಕು. ಹಳ್ಳದ ದಂಡೆಯಿಂದ ಅಗೆದು ತಂದು, ಏಣಿ ಹತ್ತಿ, ಬುಟ್ಟಿಗಟ್ಟಲೆ ಮೇಲೆ ಸುರಿಯುವವಳು ನಾನು. ಒಂದು ವರ್ಷ ಬೆನ್ನು ಹಿಡಿದುಕೊಂಡಿತು. ಮಷಿನ್ನಿನ ಮುಂದೆ ಕೂರಲು ಆಗಲಿಲ್ಲ. ಆಗ ನಾನೇ ಹಟ ಹಿಡಿದು ಮಾಳಿಗೆಯ ಮೇಲೆ ಸಿಮೆಂಟ್ ಹಾಕಿಸಿದೆ. ಪಕ್ಕಾ ಆಗಿಬಿಡಲಿ, ಮತ್ತೆ ಮುಟ್ಟುವುದೇ ಬೇಡ ಎಂದು. ಮಣ್ಣಿನ ಮಾಳಿಗೆಗೆ ಸಿಮೆಂಟ್ ಹಾಕಬಾರದು, ಅದು ಬಿರಿದರೆ ಒಳಗಿಳಿದ ನೀರು ಆರಲು ದಾರಿಯಿಲ್ಲ ಎಂದು ಪುಸ್ತಕದಲ್ಲಿ ಇತ್ತು. ಓದಿದ್ದೆ. ಬೆನ್ನು ನೋಯುವಾಗ ಓದಿದ್ದು ನೆನಪಿಗೆ ಬಂದರೂ ಬಾರದಂತೆ ಮಾಡಿಕೊಂಡೆ.

ಸಿಮೆಂಟು ಮೂರು ವರ್ಷ ಚೆನ್ನಾಗಿತ್ತು. ನಾಲ್ಕನೆಯ ವರ್ಷ ಕೂದಲೆಳೆಯಷ್ಟು ಬಿರುಕು. ಆರನೆಯ ವರ್ಷ ಪಡಸಾಲೆಯ ಹಿಂದಿನ ಗೋಡೆಯ ಮೇಲೆ ಕಂದು ಕಲೆ, ಮೇಲಿನಿಂದ ಕೆಳಗೆ ನಾಲಿಗೆ ಚಾಚಿದಂತೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಡುಮನೆ ಕಡೆ ಒಂದು ಮೂಲೆ ಕುಸಿಯಿತು. ಪಡಸಾಲೆಯ ಮಾಳಿಗೆ ಕಣ್ಣಿಗೆ ಕಾಣುವಂತೆ ಬಾಗಿತು.

ಆಗ ಮೈದುನ ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ಅವನು ಸೆಂಟ್ರಿಂಗ್ ಕೆಲಸ ಹಿಡಿಯುವವನು, ಅಂದರೆ ಸ್ಲ್ಯಾಬ್ ಹಾಕುವ ಮುಂಚೆ ಹಲಗೆ, ಜಾಕಿ ನಿಲ್ಲಿಸುವ ಕೆಲಸ. ಕೈಕೆಳಗೆ ಹತ್ತು ಜನ ಇದ್ದಾರೆ. ಮನೆ ಅಣ್ಣ ತಮ್ಮ ಇಬ್ಬರದೂ. ಪಡಸಾಲೆಯಲ್ಲಿ ನಿಂತು ಮೇಲೆ ನೋಡಿ, "ಅಣ್ಣಾ, ಇದನ್ನ ಪೂರಾ ಕೆಡವಿ ಸ್ಲ್ಯಾಬ್ ಹಾಕಿಬಿಡೋಣು. ಮೂರು ರೂಮು, ಮುಂದ ಗ್ರಿಲ್ಲು, ಒಂದೂವರೆ ತಿಂಗಳ ಕೆಲಸ," ಅಂದ.

ನಮ್ಮ ಮನೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರ ಸ್ವಭಾವವೇ ಹಾಗೆ. ಅತ್ತೆ ಮಾತ್ರ, "ನನ್ನ ಪಡಸಾಲಿ ಬಿಟ್ಟು ಏನರ ಕಟ್ರಿ," ಅಂದರು.

"ಯವ್ವಾ, ಪಡಸಾಲಿ ಬಿಟ್ಟು ಮನಿ ಕೆಡವೋದಂದ್ರ ಬಾಯಿ ತೆರೀದ ಹಲ್ಲು ಕಿತ್ತಂಗ ಆತು. ಹೆಂಗಾಗ್ತೈತಿ?"

"ಆಗ್ತೈತಿ," ಅಂದೆ ನಾನು. "ತೊಲಿ ಮೂರೂ ತೇಗದವು. ಕಂಬ ಗಟ್ಟಿ ಅದಾವ. ಹಿಂದಿನ ಗ್ವಾಡಿ ಒಂದು ಹೊಸದಾಗಿ ಎಬ್ಬಿಸಿ, ಅವೇ ತೊಲಿ ಏರಿಸಿದ್ರ ಪಡಸಾಲಿ ನಿಲ್ತೈತಿ. ನಾ ಗೆರಿ ಹಾಕಿ ತೋರಿಸ್ತೀನಿ."

ಮೈದುನ ಒಳ್ಳೆಯವನೇ. ಆದರೆ ನಾಲಿಗೆ ಸ್ವಲ್ಪ ಉದ್ದ. "ಅತ್ತಿಗಿ, ನಿನ್ನ ಪುಸ್ತಕದಾಗಿನ ಮನಿ ಕಟ್ಟೋ ಗೌಂಡಿಗಳು ಪುಸ್ತಕದಾಗೇ ಅದಾರ. ಹೊರಗ ಯಾರೂ ಇಲ್ಲ," ಅಂದ. ನಾನು ಬಿಡಲಿಲ್ಲ. ಕೊನೆಗೆ ಅವನೇ ಒಂದು ಕರಾರು ಹಾಕಿದ. ಬರುವ ಭಾನುವಾರದೊಳಗೆ ಮಣ್ಣಿನ ಮನೆ ಕಟ್ಟಿ ಗೊತ್ತಿರುವ ಒಬ್ಬ ಗೌಂಡಿಯನ್ನು ನಾನು ಕರೆತರಬೇಕು. ಅವನು ನನ್ನ ಗೆರೆ ನೋಡಿ ಆಗುತ್ತದೆ ಅಂದರೆ ಮೈದುನ ಸುಮ್ಮನಾಗುತ್ತಾನೆ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಜೆಸಿಬಿ.

"ಆತಿಲ್ಲ?" ಅಂದ ಅಣ್ಣನ ಕಡೆ ನೋಡಿ.

"ಆಕಿ ಒಪ್ಪಿದ್ರ ಆತು," ಅಂದರು ನಮ್ಮ ಮನೆಯವರು. ನಾನು ಒಪ್ಪಿದೆ.

ನಾಲ್ಕು ದಿನ ಹೊಲಿಗೆ ಮುಟ್ಟಲಿಲ್ಲ. ಗೆರೆ ಹಾಕಿದೆ. ಪಡಸಾಲೆ ಇದ್ದ ಹಾಗೇ, ಹಿಂದಿನ ಗೋಡೆ ಹೊಸದು, ಅಡಿಗೆಮನೆ ಎರಡು ಅಡಿ ಹಿಂದಕ್ಕೆ, ಬಚ್ಚಲು ಮನೆಯಿಂದ ಹೊರಗೆ. ತಲೆಬಾಗಿಲು, ನಡುಮನೆಯ ಬಾಗಿಲು, ಹಿತ್ತಲ ಬಾಗಿಲು ಮೂರೂ ಒಂದೇ ಸಾಲಿನಲ್ಲಿ, ಗಾಳಿ ನೇರ ಹಾಯಲಿ ಎಂದು. ಪ್ರತಿಯೊಂದನ್ನೂ ಅತ್ತೆಗೆ ಓದಿ ಹೇಳಿದೆ. ಐದನೆಯ ದಿನ ಬಸ್ಸು ಹಿಡಿದು ತೆಲಿಗಿಗೆ ಹೋದೆ. ಅಲ್ಲಿ ಒಬ್ಬ ಗೌಂಡಿ ಅಜ್ಜ ಇದ್ದಾರೆಂದು ಗೊತ್ತಿತ್ತು. ಅವರ ಸೊಸೆ ನನ್ನ ಗಿರಾಕಿ. ಎಪ್ಪತ್ತು ದಾಟಿದವರು, ಕೆಲಸ ಬಿಟ್ಟು ಎಷ್ಟೋ ವರ್ಷ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನ ಹಾಳೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ವಾಪಸು ಕೊಟ್ಟರು.

"ತಂಗಿ, ಇದು ನನಗ ತಿಳಿಯಂಗಿಲ್ಲ. ನಾನು ಕಾಗದದ ಮ್ಯಾಗ ಮನಿ ಕಟ್ಟಿದಾಂವಲ್ಲ. ನೆಲದ ಮ್ಯಾಗ ಹಾಕು, ಬಂದು ಅಡ್ಡಾಡಿ ನೋಡಿ ಹೇಳ್ತೀನಿ," ಅಂದರು.

ಭಾನುವಾರ ಬೆಳಿಗ್ಗೆ ಮನೆಯ ಹಿಂದಿನ ಕಣದಲ್ಲಿ ಗೂಟ ಹೊಡೆದು, ಮಷಿನ್ನಿನ ದಾರದಿಂದಲೇ ಮನೆ ಎಳೆದೆ. ಬಿಳಿ ದಾರ ಗೋಡೆ, ಕೆಂಪು ದಾರ ಬಾಗಿಲು. ಮೈದುನ ಬಂದು ಸುತ್ತ ನೋಡಿ, "ಅತ್ತಿಗಿ, ದಾರದ ಮನಿ ಚಲೋ ಐತಿ. ಗಾಳಿ ಬೆಳಕಿಗಂತೂ ಕಡಿಮಿಲ್ಲ," ಅಂದ. ನಾನು ಗೂಟ ಬಿಗಿ ಮಾಡುತ್ತಾ ಹೋದೆ.

ಅಜ್ಜ ಹತ್ತು ಗಂಟೆಯ ಬಸ್ಸಿಗೆ ಬಂದರು. ಅತ್ತೆ ಅವರಿಗೆ ನೀರು ಕೊಡಲು ಚೊಂಬು ಹಿಡಿದು ದಾರ ದಾಟಿ ನೇರ ಒಳಗೆ ನಡೆದರು.

"ಯಮ್ಮಾ, ಗ್ವಾಡಿ ಹಾದು ಬಂದಿ. ಬಾಗಲು ಅಲ್ಲೈತಿ ನೋಡು," ಅಂದರು ಅಜ್ಜ.

ಅತ್ತೆ ಹಿಂದೆ ಹೋಗಿ ಕೆಂಪು ದಾರದ ಹತ್ತಿರ ಬಂದು ತಲೆ ಬಗ್ಗಿಸಿ ಒಳಗೆ ಬಂದರು. ಅಲ್ಲಿ ಮೇಲೆ ಏನೂ ಇರಲಿಲ್ಲ, ಬರೀ ಆಕಾಶ. ಅರವತ್ತು ವರ್ಷ ಗಿಡ್ಡ ಬಾಗಿಲಲ್ಲಿ ಬಗ್ಗಿದ ತಲೆ ತಾನಾಗಿಯೇ ಬಗ್ಗಿತು. ಮೈದುನನೂ ನಗಲಿಲ್ಲ.

ಅಜ್ಜ ದಾರದ ಮನೆಯೊಳಗೆ ಅಡ್ಡಾಡಿದರು. ಪಡಸಾಲೆಯ ಜಾಗದಲ್ಲಿ ಕೂತರು, ಎದ್ದರು. ಅಡಿಗೆಮನೆಗೆ ಬಂದು ನಿಂತರು.

"ಒಲಿ ಎಲ್ಲೈತಿ?"

"ಇಲ್ಲಿ ಅಜ್ಜಾ, ಮೂಡಲ ಗ್ವಾಡಿಗೆ. ಗ್ಯಾಸೂ ಇಲ್ಲೇ, ಕಟ್ಟಿಗಿ ಒಲಿನೂ ಇಲ್ಲೇ."

"ಬೆಳಕಿಂಡಿ?"

"ಒಲಿ ನೆತ್ತಿ ಮ್ಯಾಗಲ್ಲ, ಒಂದು ಮೊಳ ಈ ಕಡಿಗೆ. ಮಳಿ ಹನಿ ಗಡಿಗಿಯಾಗ ಬೀಳಬಾರದಲ್ಲ."

"ಪುಸ್ತಕದಾಗ ಬರದಾರೇನು?"

"ಬರದಾರ. ಮಾಗಳದಾಗ ನಮ್ಮ ದೊಡ್ಡವ್ವನ ಮನ್ಯಾಗ ನೆತ್ತಿ ಮ್ಯಾಗೇ ಐತಿ. ಆಕಿ ಮಳಿಗಾಲದಾಗ ಸಾರಿಗೆ ನೀರು ಹಾಕೋದೇ ಇಲ್ಲ."

ಅಜ್ಜ ನಕ್ಕರು. ಬಚ್ಚಲ ನೀರು ಎತ್ತ ಹೋಗುತ್ತದೆ, ಮಾಳಿಗೆಯ ಇಳಿಜಾರು ಎತ್ತ, ಬೀಸುವ ಕಲ್ಲು ಎಲ್ಲಿ ಎಂದು ಒಂದೊಂದೇ ಕೇಳಿದರು. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ನನ್ನ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅವರು ಕಣ ಬಿಟ್ಟು ಮನೆಯೊಳಗೆ, ನಿಜವಾದ ಪಡಸಾಲೆಗೆ ಬಂದು ಮೇಲೆ ನೋಡಿದರು.

"ತೊಲಿ ಎಷ್ಟುದ್ದ ಹಿಡಿದಿ?"

"ಹನ್ನೊಂದೂವರೆ ಅಡಿ. ಹೊರಗ ಕಾಣೋದು ಹತ್ತು, ಗ್ವಾಡಿ ಒಳಗ ಒಂದೂವರೆ."

"ಗ್ವಾಡಿ ಒಳಗಿಂದು ನೋಡೀಯೇನು?"

ನೋಡಿರಲಿಲ್ಲ. ಪುಸ್ತಕದಲ್ಲಿ ಎಲ್ಲ ತೊಲೆಗಳೂ ಗೋಡೆಯೊಳಗೆ ಒಂದು ಮೊಳ ಹೋಗಿರುವಂತೆ ಬರೆದಿತ್ತು. ನಾನೂ ಹಾಗೇ ಬರೆದಿದ್ದೆ. ಅಜ್ಜ ಸಣ್ಣ ಹಾರೆ ಕೇಳಿ ಇಸಿದುಕೊಂಡು ಏಣಿ ಹತ್ತಿ ಮೊದಲ ತೊಲೆಯ ಬುಡದಲ್ಲಿ ಗೋಡೆ ಕೆದರಿದರು. ಮಣ್ಣು ಉದುರಿತು. ಅದರ ಹಿಂದೆಯೇ ತೊಲೆಯ ತುದಿಯೂ ಉದುರಿತು, ನಶ್ಯದ ಪುಡಿಯ ಹಾಗೆ. ಎರಡನೆಯದೂ ಹಾಗೇ. ಮೂರನೆಯದೂ. ಗೋಡೆಯೊಳಗಿನ ಮೊಳ ಪೂರಾ ಹೋಗಿತ್ತು, ಗೋಡೆಯ ಹೊರಗೂ ಒಂದು ಗೇಣು ಮೆತ್ತಗಾಗಿತ್ತು. ಅಲ್ಲಿಂದ ಈಚೆಗೆ ಮಾತ್ರ ಕಬ್ಬಿಣದಂತೆ ಗಟ್ಟಿ.

"ಇದ್ಯಾಕ ಹಿಂಗಾತು?" ಅಂದರು ಅಜ್ಜ ಕೆಳಗಿಳಿಯುತ್ತಾ. "ಇಂಥಾ ತೊಲಿ ಗ್ವಾಡ್ಯಾಗ ಕೊಳಿಯಂಗಿಲ್ಲ. ಮ್ಯಾಲೆ ಏನು ಹಾಕೀರಿ?"

"ಸಿಮೆಂಟು," ಅಂದೆ. "ಹಾಕ್ಸಿದಾಕಿ ನಾನೇ."

ಮೈದುನ ಅಂಗೈ ಒರೆಸಿಕೊಂಡ. "ಹಂಗಾದ್ರ ತೊಲಿ ಸಾಲಂಗಿಲ್ಲ. ಗ್ವಾಡಿ ಮುಟ್ಟೋದ್ರಾಗ ಗೇಣು ಕಡಿಮಿ ಬೀಳ್ತಾವು," ಅಂದ. ಕುಹಕವಾಗಿ ಅಂದಿದ್ದಲ್ಲ, ಕೆಲಸಗಾರ ಅಂದಂತೆ ಅಂದ. ಅದೇ ಹೆಚ್ಚು ನೋವಾಯಿತು. ನಾಳೆ ಬೆಳಿಗ್ಗೆ ಜೆಸಿಬಿ ಬಂದು ನಿಲ್ಲುವುದು ಈ ಪಡಸಾಲೆಯ ಮುಂದೆಯೇ, ಅದಕ್ಕೆ ಕಾರಣ ನನ್ನ ಸಿಮೆಂಟೇ.

ಪುಸ್ತಕ ತಂದು ಹಾಳೆ ತಿರುವಿದೆ. ಗಿಡ್ಡ ತೊಲೆಗೆ ಏನು ಮಾಡಬೇಕು ಎಂದು ಎಲ್ಲೂ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅದು ನನಗೆ ಉತ್ತರ ಕೊಡಲಿಲ್ಲ. ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಮೇಲೆ ನೋಡುತ್ತಾ ಕೂತೆ.

ಬಟ್ಟೆ ಗಿಡ್ಡ ಬರುವುದು ನನಗೇನು ಹೊಸದಲ್ಲ. ಎಂಬತ್ತು ಸೆಂಟಿಮೀಟರ್ ತಂದು ಮೀಟರಿನ ಬ್ಲೌಸ್ ಹೊಲಿದುಕೊಡು ಅನ್ನುವವರೇ ಎಲ್ಲರೂ. ಆಗ ಮೈಯ ಅಳತೆ ಕಡಿಮೆ ಮಾಡುವುದಿಲ್ಲ. ಎಳೆತ ಹೆಚ್ಚಿರುವ ಕಂಕುಳಲ್ಲಿ ಬೇರೆ ತುಂಡು ಕೂಡಿಸುತ್ತೇವೆ. ಎಳೆತವನ್ನು ಆ ತುಂಡು ತಿನ್ನುತ್ತದೆ. ಇಲ್ಲಿ ಎಳೆತ ಎಲ್ಲಿದೆ? ತೊಲೆಯ ಭಾರ ಗೋಡೆಯ ಮೇಲೆ ಬೀಳುವಲ್ಲಿ. ಆ ಭಾರ ಗೋಡೆಗೇ ಯಾಕೆ ಹೋಗಬೇಕು?

"ಅಜ್ಜಾ," ಅಂದೆ, "ತೊಲಿ ಗ್ವಾಡಿ ಮುಟ್ಟದೇ ಇದ್ರ ಏನಾಗ್ತೈತಿ?"

"ಬೀಳ್ತೈತಿ."

"ಗ್ವಾಡಿ ಮುಂದ ಕಂಬ ಇಟ್ರ?"

ಅಜ್ಜ ಗೋಡೆಯ ಕಡೆ ತಿರುಗಿ ನೋಡಿದರು.

"ಹಿತ್ತಲದಾಗ ಬಿದ್ದುಹೋದ ಕೊಟ್ಟಿಗಿದು ಕಲ್ಲುಕಂಬ ಮೂರು ಅದಾವ. ಗ್ವಾಡಿಗೆ ಅಂಟಿಸದೇ, ಗೇಣು ಈಚಿಗೆ ನಿಲ್ಲಿಸೋದು. ಕೊಳತದ್ದು ಕೊಯ್ದು ತೊಲಿ ಅದರ ತಲಿ ಮ್ಯಾಗ ಕೂಡಿಸೋದು. ಕಂಬಕ್ಕ ಬೋದಿಗಿ ಇಟ್ಟು ಪಡಸಾಲಿ ಕಡಿ ಅದರ ಕೈ ಉದ್ದ ಬಿಟ್ರ ತೊಲಿಗೆ ಆಸರ ಸಿಗ್ತೈತಿ. ಗ್ವಾಡಿ ಬರೀ ಮರಿಗೆ ನಿಲ್ಲಲಿ, ಭಾರ ಹೊರೋದು ಬ್ಯಾಡ." ಕಂಬದ ತಲೆಯ ಮೇಲೆ ಅಡ್ಡಲಾಗಿ ಕೂರಿಸುವ ಮರದ ತುಂಡಿಗೆ ನಮ್ಮಲ್ಲಿ ಬೋದಿಗೆ ಅನ್ನುತ್ತಾರೆ.

ಅಜ್ಜ ನೆಟ್ಟಗೆ ಹಿತ್ತಲಿಗೆ ಹೋದರು. ಕಲ್ಲುಕಂಬಗಳನ್ನು ಕಾಲಿನಿಂದ ತಿವಿದು ನೋಡಿ, ಮೊಳ ಹಾಕಿ ಅಳೆದರು. ತಿರುಗಿ ಬಂದು ಗೋಡೆಯ ಮುಂದೆ ನಿಂತು ಒಂದು ಗೇಣು ಇಟ್ಟು ನೋಡಿದರು.

"ಬೋದಿಗಿ ಕೈ ಎಷ್ಟು ಬಿಡ್ತಿ?"

"ಒಂದು ಮೊಳ."

"ಒಂದೂವರೆ ಬಿಡು," ಅಂದರು. ಆಮೇಲೆ ಮೈದುನನ ಕಡೆ ತಿರುಗಿ, "ಆಗ್ತೈತಪ್ಪ. ಇನ್ನ ಈ ತೊಲಿಗೆ ಗ್ವಾಡ್ಯಾಗಿನ ನೀರು ತಾಗೋದೇ ಇಲ್ಲ. ಮೊದಲಿನಕಿಂತ ಚಲೋನೇ ಆತು," ಅಂದರು.

ಮೈದುನ ಮೂರೂ ತೊಲೆಯ ತುದಿ ನೋಡಿದ. ಕಿಸೆಯಿಂದ ಫೋನು ತೆಗೆದ. ಜೆಸಿಬಿಯವನಿಗೆ ನಾಳೆ ಬೇಡ ಅಂದ. ಫೋನು ಇಟ್ಟು, "ತೊಲಿ ಇಳಿಸಿ ಮತ್ತ ಏರಿಸೋತನಕ ಮಾಳಿಗಿ ಎತ್ತಿ ಹಿಡಿಯೋರು ಯಾರು? ನಿನ್ನ ಪುಸ್ತಕ ಹಿಡಿತೈತೇನು?" ಅಂದ.

"ನೀ ಹಿಡಿತಿ," ಅಂದರು ಅತ್ತೆ.

ಹಿಡಿದ. ತನ್ನ ಸೆಂಟ್ರಿಂಗ್ ಜಾಕಿಗಳನ್ನು ಟ್ರ್ಯಾಕ್ಟರಿನಲ್ಲಿ ತಂದು, ಬಾಗಿದ ಮಾಳಿಗೆಯ ಕೆಳಗೆ ಸಾಲಾಗಿ ನಿಲ್ಲಿಸಿ, ಕೂದಲೆಳೆ ಕೂದಲೆಳೆಯಾಗಿ ಎತ್ತಿದ. ಆ ಕೆಲಸದಲ್ಲಿ ಅವನ ಕೈ ಎಂಥದ್ದು ಎಂದು ಅವತ್ತೇ ನಾನು ನೋಡಿದ್ದು. ಮೇಲಿನ ಸಿಮೆಂಟನ್ನು ನಾನೇ ಉಳಿ ಸುತ್ತಿಗೆ ಹಿಡಿದು ಒಡೆದೆ, ನಮ್ಮ ಮನೆಯವರು ಬುಟ್ಟಿಯಲ್ಲಿ ಇಳಿಸಿದರು. ಬೋದಿಗೆಗಳನ್ನು ಬಡಿಗೇರು ಹಳೆಯ ಬಾಗಿಲ ಚೌಕಟ್ಟಿನ ಮರದಲ್ಲಿ ಕೆತ್ತಿಕೊಟ್ಟರು. ಗೋಡೆಯ ಕೆಲಸಕ್ಕೆ ಅಜ್ಜ ದಿನಾ ಹತ್ತರ ಬಸ್ಸಿಗೆ ಬಂದು ಕುರ್ಚಿಯಲ್ಲಿ ಕೂತು ಹೇಳಿದರು, ನಮ್ಮೂರ ಇಬ್ಬರು ಕಟ್ಟಿದರು. ಮೂರು ವಾರ ಹಿಡಿಯಿತು.

ತೊಲೆ ಏರಿಸಿದ ದಿನ ಮೈದುನ ನೀರಿನ ಪೈಪು ಹಿಡಿದು ಮಟ್ಟ ನೋಡಿದ. ಒಂದು ತುದಿಯಿಂದ ಇನ್ನೊಂದು ತುದಿಗೆ, ಮೂರೂ ತೊಲೆಗೆ. ನನ್ನ ಹಾಳೆಯನ್ನು ತಾನೇ ಕೇಳಿ ಇಸಿದುಕೊಂಡು ಕಂಬದಿಂದ ಕಂಬಕ್ಕೆ ಟೇಪು ಹಿಡಿದ.

"ಹೆಂಗೈತಿ?" ಅಂದರು ಅಜ್ಜ.

"ಅತ್ತಿಗಿ ಗೆರಿಗೆ ನೂಲು ಹೆಚ್ಚಿಲ್ಲ, ನೂಲು ಕಡಿಮಿಲ್ಲ," ಅಂದ.

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನ ಅಡಿಗೆಯನ್ನು ಹೊಗಳಿದ್ದಾರೆ, ಹೊಲಿಗೆಯನ್ನು ಹೊಗಳಿದ್ದಾರೆ. ಅವೆಲ್ಲ ಕೇಳಿ ಸಂತೋಷಪಟ್ಟು ಮರೆತಿದ್ದೇನೆ. ಈ ಮಾತನ್ನು ಮಾತ್ರ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದೇನೆ.

ಕಲ್ಲುಕಂಬಕ್ಕೂ ಗೋಡೆಗೂ ನಡುವೆ ಗೇಣಿನಷ್ಟು ಸಂದು ಉಳಿಯಿತು. ಅಲ್ಲಿ ಹಲಗೆ ಹಾಕಿದರೆ ಗೂಡು ಬೇಕಾಗುವುದಿಲ್ಲ ಎಂದು ಅತ್ತೆ ಕಂಡುಹಿಡಿದರು. ಈಗ ಅಲ್ಲಿ ಅವರ ಎಲೆಯಡಿಕೆ ಚೀಲ, ನನ್ನ ದಾರದ ಉಂಡೆಗಳು, ಮನೆಯವರ ಔಷಧದ ಡಬ್ಬಿ ಇವೆ. ಮೈದುನನ ಆಸೆಗೆ ಬಚ್ಚಲಿಗೂ ಸಂಡಾಸಿಗೂ ಸ್ಲ್ಯಾಬೇ ಹಾಕಿಸಿದೆವು. ಚೆನ್ನಾಗಿದೆ. ಹೋದ ಬೇಸಿಗೆಯಲ್ಲಿ ಅವನು ರಜೆಗೆ ಬಂದವನು ಮಧ್ಯಾಹ್ನ ಪಡಸಾಲೆಯ ನೆಲದ ಮೇಲೆ ಫ್ಯಾನ್ ಇಲ್ಲದೆ ಮೂರು ತಾಸು ಮಲಗಿ ಎದ್ದು, ಏನೂ ಅನ್ನದೆ ಚಹಾ ಕೇಳಿದ. ನಾನೂ ಏನೂ ಅನ್ನದೆ ಕೊಟ್ಟೆ.

ಸಿಮೆಂಟಿದ್ದ ಜಾಗಕ್ಕೆ ಈ ವರ್ಷ ಮತ್ತೆ ಸೌಳು ಮಣ್ಣನ್ನೇ ಹಾಕಿದೆವು. ನಾಲ್ಕು ಜನ ಸೇರಿ ಹೊತ್ತೆವು, ಬೆನ್ನಿಗೆ ಏನೂ ಆಗಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಅಜ್ಜ ಕರೆಯದೆಯೇ ಬಂದರು. ಮೂರು ತೊಲೆಗಳ ತುದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ ಕೂತರು. ಹೊಸಹಳ್ಳಿಯಲ್ಲಿ ಒಬ್ಬರು ಹಳೆಯ ಮಾಳಿಗೆ ಮನೆ ಸರಿಮಾಡಿಸಬೇಕೆಂದು ಅವರನ್ನು ಕರೆಯಲು ಬಂದಿದ್ದರಂತೆ.

"ಏನಂದ್ರಿ ಅಜ್ಜಾ?"

"ಕೊಟ್ಟೂರು ಕಡಿ ಹೊಲಿಗಿ ಅಮ್ಮ ಮೊದಲು ದಾರ ಹಾಕಲಿ, ಆಮ್ಯಾಗ ನಾ ಬರ್ತೀನಿ ಅಂದೀನಿ," ಅಂದರು. "ಯಾವಾಗ ಹೋಗೋಣು?"

ಕೈಯಲ್ಲಿ ನಾಲ್ಕು ಬ್ಲೌಸ್ ಬಾಕಿ ಇದ್ದವು. ಶುಕ್ರವಾರ ಅಂದೆ.